ಮಳೆಯಿಲ್ಲದ ಊರಲ್ಲಿ ಬಿಡುವು

ತಂಗಿ,

ನೀನು ಕೇಳಿದ್ದು ಇಷ್ಟು. ಕಾಸರಗೋಡಿನ ಪೆರ್ಲದಿಂದ ದುಬೈಗೆ ಬಂದು ಎಂಟು ತಿಂಗಳಾಯಿತು. ಕ್ಲಿನಿಕ್ಕಿನ ಫಾರ್ಮಸಿಯಲ್ಲಿ ಕೆಲಸ, ಬೆಳಗ್ಗೆ ಅರ್ಧ ಸಂಜೆ ಅರ್ಧ ಅಂತ ಸ್ಪ್ಲಿಟ್ ಡ್ಯೂಟಿ, ವಾರಕ್ಕೊಂದು ರಜೆ. ಆ ದಿನ ಮಲಗಿದರೆ ಏಳಲು ಮನಸ್ಸಿಲ್ಲ, ಎದ್ದರೆ ಬಟ್ಟೆ, ಪಾತ್ರೆ. ಊರಿನವರು ಫೋನಿನಲ್ಲಿ "ಎಸಿಯಲ್ಲಿ ಕೂತು ಕೆಲಸ, ನಿನಗೇನು ಕಷ್ಟ" ಅನ್ನುತ್ತಾರೆ. ಈಗ ಪರಿಚಯದವರೊಬ್ಬರು ರಜೆಯ ದಿನ ಇನ್ನೊಂದು ಕಡೆ ಪಾರ್ಟ್ ಟೈಮಿಗೆ ಬಾ ಅಂತ ಕರೆಯುತ್ತಿದ್ದಾರೆ. ಹೋಗಲಾ, ಬೇಡವಾ? ಇಷ್ಟು ವರ್ಷ ಇಲ್ಲಿ ಕಳೆದ ನಿಮ್ಮಂಥವರು ಸುಧಾರಿಸಿಕೊಳ್ಳುವುದು ಯಾವಾಗ?

ಪಾರ್ಟ್ ಟೈಮ್ ವಿಷಯ ಮೊದಲು ಮುಗಿಸೋಣ. ಹೋಗಬೇಡ. ಪಾರ್ಟ್ ಟೈಮ್ ಅನ್ನುವುದೇ ಇಲ್ಲಿ ಕಾನೂನಿಗೆ ವಿರುದ್ಧ ಅಂತಲ್ಲ, ಅದಕ್ಕೆ ಕಾರ್ಮಿಕ ಸಚಿವಾಲಯದಿಂದ ಬೇರೆಯೇ ಪರ್ಮಿಟ್ ಸಿಗುತ್ತದೆ. ಆದರೆ ಫಾರ್ಮಸಿಸ್ಟರಾದ ನಮ್ಮದು ಲೈಸೆನ್ಸಿನ ಮೇಲೆ ನಡೆಯುವ ಕೆಲಸ. ಅದು ಇರುವುದು ನೀನು ಕೆಲಸ ಮಾಡುವ ಸಂಸ್ಥೆಯ ಹೆಸರಿನ ಜೊತೆಗೆ. ಬೇರೆ ಕಡೆ ನಿಲ್ಲಬೇಕಾದರೆ ಅದಕ್ಕೂ ಅನುಮತಿ ಬೇಕು. "ಸುಮ್ನೆ ಬಂದು ಕೌಂಟರಿನಲ್ಲಿ ನಿಂತರೆ ಸಾಕು, ಕ್ಯಾಶ್ ಕೊಡುತ್ತೇವೆ" ಅಂತ ಕರೆಯುವವರು ಇದನ್ನೆಲ್ಲ ಮಾಡಿಸಿಕೊಡುವವರಲ್ಲ. ತಪಾಸಣೆಯವರು ಬಂದ ದಿನ ಈ ಕರೆದವರಿಗೆ ನಿನ್ನ ಗುರುತೇ ಸಿಗುವುದಿಲ್ಲ. ಇನ್ನು ಕಾಗದಪತ್ರ ಎಲ್ಲ ಸರಿ ಇದ್ದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ಒಂದು ಚಾ ಮಾಡಿಕೊಂಡು ಕೂತು ಓದು.

ನಮ್ಮ ಕಡೆ ಬಿಡುವನ್ನು ಹುಡುಕಿಕೊಂಡು ಹೋದವರನ್ನು ನಾನು ನೋಡಿಲ್ಲ. ಅದು ತಾನಾಗಿ ಬರುತ್ತಿತ್ತು. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳು ನೀನು, ನಿನಗೆ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವ ದಿನ ಬೆಳಗ್ಗಿನಿಂದ ಮನೆಯವರಿಗೆಲ್ಲ ಓಡಾಟ. ಮೈಲುತುತ್ತು ಕರಗಿಸು, ಸುಣ್ಣ ಸೋಸು, ಮರ ಹತ್ತುವವರಿಗೆ ಚಾ ಕೊಡು. ನಡುವೆ ಒಂದು ಮಳೆ ಹೊಯ್ದರೆ ಎಲ್ಲವೂ ನಿಂತಿತು. ಎಲ್ಲರೂ ಜಗಲಿಗೆ. ವೀಳ್ಯದ ಹರಿವಾಣ ಮಧ್ಯಕ್ಕೆ ಬಂತು, ಮಾತು ಶುರು. ಕೆಲಸ ಬಿಟ್ಟು ಕೂತೆವಲ್ಲ ಅಂತ ಯಾರಿಗೂ ಅಳುಕಿಲ್ಲ, ಮಳೆ ಅಲ್ವಾ! ಜಡಿಮಳೆಯ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ. ಮಧ್ಯಾಹ್ನ ಉಂಡ ಮೇಲೆ ಅಜ್ಜನಿಂದ ಹಿಡಿದು ತೋಟದ ಕೆಲಸದವರವರೆಗೆ ಒಂದು ಗಳಿಗೆ ಅಡ್ಡಾಗುವುದು ಇದ್ದದ್ದೇ. ಅದೂ ಸಾಲದಿದ್ದರೆ ಕರೆಂಟ್ ಹೋಗುತ್ತದೆ. ಅದೂ ಸಾಲದಿದ್ದರೆ ನಮ್ಮ ಕೇರಳದಲ್ಲಿ ಹರತಾಳ ಉಂಟಲ್ಲ! ಅಂಗಡಿ ಬಂದ್, ಬಸ್ ಬಂದ್, ಬಯ್ದುಕೊಂಡೇ ಮನೆಯಲ್ಲಿ ಕೂತು ಹಲಸಿನ ಬೀಜ ಸುಟ್ಟು ತಿನ್ನುವುದು.

ಇಲ್ಲಿ ಇದ್ಯಾವುದೂ ಇಲ್ಲ. ಕರೆಂಟ್ ಹೋಗುವುದಿಲ್ಲ. ಬಸ್ ನಿಲ್ಲುವುದಿಲ್ಲ. ಮಳೆ ಅಂತ ಕೆಲಸ ನಿಂತದ್ದನ್ನು ನಾನು ನೆನಪಿಟ್ಟುಕೊಳ್ಳುವಂತೆ ನೋಡಿದ್ದು 2024ರ ಏಪ್ರಿಲ್ 16ರಂದು. 1949ರಲ್ಲಿ ಇಲ್ಲಿ ಮಳೆಯ ದಾಖಲೆ ಇಡಲು ಶುರು ಮಾಡಿದ ಮೇಲೆ ಅಷ್ಟು ದೊಡ್ಡ ಮಳೆ ಬಂದದ್ದೇ ಇಲ್ಲ ಅಂತ ಸರಕಾರವೇ ಹೇಳಿತು. ಅಲ್ ಐನ್ ಕಡೆ ಒಂದು ದಿನದೊಳಗೆ 254 ಮಿಲಿಮೀಟರ್. ನಮ್ಮ ಬಾಯಾರಿನಲ್ಲಿ, ಎಣ್ಮಕಜೆಯಲ್ಲಿ ಆಷಾಢದ ಜಡಿಮಳೆ ಕಂಡವರಿಗೆ ಅದೇನು ದೊಡ್ಡ ವಿಷಯವಲ್ಲ ಅನ್ನು. ಆದರೆ ದುಬೈ ಅವತ್ತು ನಿಂತಿತು. ನೀರು ಇಳಿಯುವ ಮೊದಲೇ ಡ್ಯೂಟಿ ಗ್ರೂಪಿನಲ್ಲಿ ಮೆಸೇಜು ಬರಲು ಶುರುವಾಯಿತು, ಯಾರು ಬರಬಹುದು, ಯಾರು ಬರಲಾಗುವುದಿಲ್ಲ ಅಂತ.

ಹೊರಗಿನಿಂದ ಕೆಲಸಕ್ಕೆ ತಡೆ ಬೀಳುವುದು ಇಲ್ಲಿ ಎರಡೇ ಸಂದರ್ಭದಲ್ಲಿ. ಒಂದು, ಬೇಸಿಗೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಅದು ಹೊರಗೆ ಸೈಟಿನಲ್ಲಿ ದುಡಿಯುವವರಿಗೆ, ನಮಗಲ್ಲ. ಇನ್ನೊಂದು, ರಂಜಾನ್. ಆ ತಿಂಗಳು ದಿನಕ್ಕೆ ಎರಡು ಗಂಟೆ ಕೆಲಸ ಕಡಿಮೆ. ಉಪವಾಸ ಮಾಡುವವರಿಗೆ ಮಾತ್ರ ಅಂತ ಕೆಲವು ಕಡೆ ಹೇಳಿ ನಂಬಿಸುತ್ತಾರೆ, ನಂಬಬೇಡ. ಎಲ್ಲರಿಗೂ ಕಡಿಮೆ ಆಗಬೇಕು. ಈ ಎರಡು ಬಿಟ್ಟರೆ ನಿನ್ನ ಕೆಲಸ ನಿಲ್ಲಿಸುವುದು ನೀನೇ. ನಾವು ಊರಲ್ಲಿ ಕಲಿಯದೇ ಬಂದದ್ದು ಅದೊಂದನ್ನು. ದುಡಿಯುವುದು ಕಲಿತು ಬಂದಿದ್ದೇವೆ, ನಿಲ್ಲಿಸುವ ಕೆಲಸವನ್ನು ಮಳೆಗೆ ಬಿಟ್ಟಿದ್ದೆವು.

ಇದರ ಮೇಲೆ ಗುಣಾಕಾರದ ಕಾಟ ಬೇರೆ. ಒಂದು ದಿರ್ಹಮಿಗೆ 20ಕ್ಕೂ ಜಾಸ್ತಿ ರೂಪಾಯಿ. ಬಂದ ಹೊಸತಿನಲ್ಲಿ ಎಲ್ಲರ ತಲೆಯಲ್ಲೂ ಇದೇ ಓಡುತ್ತಿರುತ್ತದೆ. ಬಾಳೆಹಣ್ಣು ಕೊಂಡರೂ ಗುಣಿಸುವುದು, ಟ್ಯಾಕ್ಸಿ ಹತ್ತಿದರೂ ಗುಣಿಸುವುದು. ಅದು ಒಳ್ಳೆಯದೇ, ಕೈ ಬಿಗಿ ಇರುತ್ತದೆ. ಆದರೆ ಕೆಲವರು ನಿದ್ದೆಯನ್ನೂ ಗುಣಿಸುತ್ತಾರೆ. ಸುಮ್ಮನೆ ಕೂತ ಒಂದು ಗಂಟೆಗೆ ಇಷ್ಟು ರೂಪಾಯಿ ಹೋಯಿತು ಅಂತ ಲೆಕ್ಕ. ಆಮೇಲೆ ಕೂರುವುದಕ್ಕೇ ಆಗುವುದಿಲ್ಲ ಅವರಿಗೆ. ನಿನಗೆ ಬರುವಾಗ ಮಾಡಿದ ಸಾಲ ಇದ್ದರೆ ಅದು ಬೇರೆ ಮಾತು. ಆಗ ಇಂಥ ತಿಂಗಳವರೆಗೆ ಅಂತ ಗಂಡ ಹೆಂಡತಿ ಕೂತು ನಿಶ್ಚಯಿಸಿ, ಇರುವ ಕೆಲಸದಲ್ಲೇ ಓಟಿ (ಓವರ್‌ಟೈಮ್) ಮಾಡಿ ತೀರಿಸಿಬಿಡಿ. ತಿಂಗಳು ಗೊತ್ತು ಮಾಡದೆ "ಸ್ವಲ್ಪ ಸಮಯ" ಅಂತ ಶುರು ಮಾಡಿದ ಓಟಿ ಹತ್ತು ವರ್ಷ ನಡೆದದ್ದನ್ನು ನಾನು ಕಂಡಿದ್ದೇನೆ. ಸಾಲ ತೀರಿತ್ತು. ಆಮೇಲೆ ಮನೆಗೆ ಮಾಳಿಗೆ, ಆಮೇಲೆ ಕಾರು, ಆಮೇಲೆ ತಂಗಿಯ ಮದುವೆ.

ಈಗ ಸ್ಪ್ಲಿಟ್ ಡ್ಯೂಟಿ. ನಿನ್ನ ಆಯಾಸದ ಮುಕ್ಕಾಲು ಪಾಲು ಇರುವುದು ಅಲ್ಲೇ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಬೆಳಗ್ಗೆ ಒಂಬತ್ತರಿಂದ ಒಂದು, ಸಂಜೆ ಐದರಿಂದ ಒಂಬತ್ತು. ಕಾಗದದಲ್ಲಿ ಎಂಟೇ ಗಂಟೆ, ಕಾನೂನಿಗೂ ಸರಿ. ನಡುವಿನ ನಾಲ್ಕು ಗಂಟೆ ಡ್ಯೂಟಿಯ ಲೆಕ್ಕಕ್ಕಿಲ್ಲ. ನಿನಗಾದರೂ ಅದು ಸಿಗುತ್ತದಾ ಅಂದರೆ, ಅದೂ ಇಲ್ಲ. ನಾನು ಒಂದು ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ಇದನ್ನು ಮಾಡಿದವಳು. ಒಂದು ಗಂಟೆಗೆ ಶಟರ್ ಅರ್ಧ ಎಳೆದಿರುತ್ತೇನೆ, ಅಷ್ಟರಲ್ಲಿ ಒಬ್ಬರು ಬಗ್ಗಿ ಒಳಗೆ ಬರುತ್ತಾರೆ, "ಸಿಸ್ಟರ್, ಒಂದೇ ಪನಡಾಲ್". ಅವರನ್ನು ಕಳಿಸಿ, ಕ್ಯಾಶ್ ಎಣಿಸಿ ಇಟ್ಟು, ಹೊರಗೆ ಬಂದರೆ ಜುಲೈ ತಿಂಗಳ ಬಿಸಿಲು. ಶಟರಿನ ಬೀಗ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ವ್ಯಾನಿನವನು ಇನ್ನೊಂದು ಬ್ರಾಂಚಿಗೆ ಹೋಗಿ ನರ್ಸ್‌ಗಳನ್ನು ಹತ್ತಿಸಿಕೊಂಡೇ ಬರುವುದು. ಮನೆ ಮುಟ್ಟುವಾಗ ಎರಡು. ಕುಕ್ಕರ್ ಇಟ್ಟು, ನಿನ್ನೆಯ ಸಾರು ಬಿಸಿ ಮಾಡಿ, ಉಂಡು ಪಾತ್ರೆ ತೊಳೆದರೆ ಮೂರು. ಕಣ್ಣು ಹತ್ತುವಾಗ ಮೂರೂವರೆ. ನಾಲ್ಕಕ್ಕೆ ಅಲಾರಂ. ಎದ್ದಾಗ ಇದು ಬೆಳಗ್ಗೆಯೋ ಸಂಜೆಯೋ ಅಂತ ಒಂದು ಕ್ಷಣ ಗೊತ್ತಾಗುವುದಿಲ್ಲ. ಮತ್ತೆ ಅದೇ ಯೂನಿಫಾರ್ಮ್. ರಾತ್ರಿ ಬಂದು ಉಂಡು ಮಲಗುವಾಗ ಹನ್ನೊಂದು. ಎಂಟು ಗಂಟೆಯ ಕೆಲಸಕ್ಕೆ ಹದಿಮೂರು, ಹದಿನಾಲ್ಕು ಗಂಟೆ ಹೋಗಿರುತ್ತದೆ.

ನಿನ್ನದು ಇನ್ನೂ ಕಷ್ಟ. ಮನೆ ಶಾರ್ಜಾದ ಮುವೈಲೆಯಲ್ಲಿ, ಕ್ಲಿನಿಕ್ ದುಬೈಯ ಕುಸೈಸಿನಲ್ಲಿ, ಮಧ್ಯಾಹ್ನ ಹೋಗಿ ಬರಲು ಆಗುವುದಿಲ್ಲ, ಸ್ಟೋರ್ ರೂಮಿನಲ್ಲಿ ಕುರ್ಚಿ ಮೇಲೆ ಕೂತು ಫೋನ್ ನೋಡುತ್ತೇನೆ ಅಂತ ಬರೆದಿದ್ದೀ. ಮೊದಲು ಅದನ್ನು ಸರಿ ಮಾಡು. ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ನಿಜ. ಆದರೆ ಶಾರ್ಜಾ ದುಬೈ ರಸ್ತೆ ಹೇಗೆ ಅಂತ ಈಗ ನಿನಗೇ ಗೊತ್ತು. ಬೆಳಗ್ಗೆ ಎಲ್ಲರೂ ದುಬೈ ಕಡೆಗೆ, ಸಂಜೆ ಎಲ್ಲರೂ ಶಾರ್ಜಾ ಕಡೆಗೆ. ಮೆಟ್ರೋ ಶಾರ್ಜಾಕ್ಕೆ ಬರುವುದಿಲ್ಲ. ಕುಸೈಸಿನಲ್ಲೋ, ದುಬೈ ಬದಿಯ ಅಲ್ ನಹ್ದಾದಲ್ಲೋ ಒಂದು ಕುಟುಂಬದ ಜೊತೆ ಶೇರಿಂಗ್ ನೋಡಿ. ಕೋಣೆ ಚಿಕ್ಕದಾಗುತ್ತದೆ, ಬಾಡಿಗೆ ಜಾಸ್ತಿ ಆಗುತ್ತದೆ. ಆದರೆ ಕ್ಲಿನಿಕ್ ನಡೆದು ಹೋಗುವಷ್ಟು ಹತ್ತಿರ, ಮಧ್ಯಾಹ್ನ ಬೆನ್ನು ನೆಲಕ್ಕೆ ತಾಗುತ್ತದೆ. ಮೆಟ್ರೋದ ಗ್ರೀನ್ ಲೈನ್ ಅಲ್ಲೇ ಹಾದು ಹೋಗುವುದರಿಂದ ನಿನ್ನ ಮನೆಯವರು ನಡುವೆ ರೆಡ್ ಲೈನಿಗೆ ಬದಲಿಸಿಕೊಂಡು ಜೆಬೆಲ್ ಅಲಿಗೆ ಕೆಲಸಕ್ಕೆ ಕೂತೇ ಹೋಗಬಹುದು. ದೂರವೇ, ಆದರೆ ಸ್ಟೇರಿಂಗ್ ಹಿಡಿದು ಹೋಗುವುದಕ್ಕೂ ಸೀಟಿಗೆ ಒರಗಿ ಹೋಗುವುದಕ್ಕೂ ವ್ಯತ್ಯಾಸ ಇಲ್ವಾ? ನಾವು ಹಾಗೆಯೇ ಮಾಡಿದ್ದು. ಹೆಚ್ಚಿಗೆ ಕೊಟ್ಟ ಬಾಡಿಗೆಯ ಬಗ್ಗೆ ನನಗೆ ಇವತ್ತಿಗೂ ಬೇಸರ ಇಲ್ಲ. ಇವರಿಗೆ ಸ್ವಲ್ಪ ಇದೆ, ಬಾಡಿಗೆ ಕಟ್ಟುವ ದಿನ ಮುಖ ನೋಡಿದರೆ ಗೊತ್ತಾಗುತ್ತದೆ.

ಮಧ್ಯಾಹ್ನ ಅಡುಗೆ ಮಾಡಬೇಡ. ಬೆಳಗ್ಗೆಯೇ ಅನ್ನ ಸಾರು ಮಾಡಿಟ್ಟು ಹೋಗು. ಬಂದ ಕೂಡಲೇ ಉಂಡು ಮಲಗು. ಬ್ಯಾಂಕು, ಊರಿಗೆ ಫೋನು, ಆನ್‌ಲೈನ್ ಸಾಮಾನು, ಯಾವುದನ್ನೂ ಆ ಹೊತ್ತಿಗೆ ಇಟ್ಟುಕೊಳ್ಳಬೇಡ. ಮುಂದೆ ಕಾಂಟ್ರಾಕ್ಟ್ ಹೊಸದು ಮಾಡುವಾಗ ನಡುವೆ ಕಡಿಯದ ಸ್ಟ್ರೈಟ್ ಡ್ಯೂಟಿ ಕೇಳು. ಸಂಬಳ ಸ್ವಲ್ಪ ಕಡಿಮೆ ಆದರೂ ಒಪ್ಪಿಕೋ ಅಂತ ನನ್ನ ಅಭಿಪ್ರಾಯ. ದೊಡ್ಡ ಆಸ್ಪತ್ರೆಗಳಲ್ಲಿ ಶಿಫ್ಟ್ ಇರುತ್ತದೆ. ನೈಟ್ ಬರುತ್ತದೆ, ಅದು ಬೇರೆ ಕಷ್ಟ. ಆದರೆ ಮುಗಿದದ್ದು ಮುಗಿಯಿತು, ಒಂದೇ ದಿನ ಎರಡು ಸಲ ಡ್ಯೂಟಿಗೆ ಹೊರಡುವ ಗೋಳಿಲ್ಲ.

ಕಾನೂನಿನಲ್ಲಿ ಏನಿದೆ ಅಂತ ನೀನು ಕೇಳಿಲ್ಲ. ಯಾರೂ ಕೇಳುವುದಿಲ್ಲ, ಅದೇ ತೊಂದರೆ. ಈಗ ನಡೆಯುತ್ತಿರುವುದು ಯುಎಇಯ 2021ರ 33ನೇ ಕಾರ್ಮಿಕ ಕಾನೂನು, 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48. ಒಂದೇ ಸಮನೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಬಾರದು, ನಡುವೆ ಒಂದು ಗಂಟೆಯಾದರೂ ಬಿಡಬೇಕು. ಓಟಿ ದಿನಕ್ಕೆ ಎರಡು ಗಂಟೆ ಮೀರಬಾರದು. ಮೂರು ವಾರದ ಒಟ್ಟು ಲೆಕ್ಕ 144 ಗಂಟೆ ದಾಟಬಾರದು. ಓಟಿಗೆ ಕನಿಷ್ಠ 25 ಶೇಕಡಾ ಹೆಚ್ಚು ಕೊಡಬೇಕು, ರಾತ್ರಿ 10ರಿಂದ ಬೆಳಗಿನ ಜಾವ 4ರೊಳಗೆ ಆದರೆ 50. ಆದರೆ ಒಂದು ಕಿತಾಪತಿ ಇದೆ. ಈ ಲೆಕ್ಕ ಬೇಸಿಕ್ ಸಂಬಳದ ಮೇಲೆ. ಬೇಸಿಕ್ ಚಿಕ್ಕದು, ಅಲೋವೆನ್ಸ್ ದೊಡ್ಡದು ಅಂತ ಕಾಂಟ್ರಾಕ್ಟ್ ಬರೆದಿದ್ದರೆ ನೀನು ಸೊಂಟ ನೋಯಿಸಿಕೊಂಡು ಮಾಡಿದ ಓಟಿಗೆ ಕೈಗೆ ಬರುವುದು ಚಿಲ್ಲರೆ. ಕಾರ್ಮಿಕ ಸಚಿವಾಲಯದ ಆ್ಯಪಿನಲ್ಲಿ ನಿನ್ನ ಕಾಂಟ್ರಾಕ್ಟ್ ಸಿಗುತ್ತದೆ. ಇವತ್ತು ರಾತ್ರಿಯೇ ತೆಗೆದು ಬೇಸಿಕ್ ಎಷ್ಟು ಅಂತ ನೋಡು.

ವಾರದ ರಜೆಯ ದಿನ ಕರೆದರೆ ಒಂದೋ ಬದಲು ರಜೆ ಕೊಡಬೇಕು, ಇಲ್ಲ ಬೇಸಿಕ್ಕಿನ ಮೇಲೆ 50 ಶೇಕಡಾ ಸೇರಿಸಿ ಕೊಡಬೇಕು. ಎರಡು ವಾರಕ್ಕಿಂತ ಹೆಚ್ಚು ಒಂದರ ಹಿಂದೆ ಒಂದು ರಜೆಯ ದಿನ ಕರೆಯುವ ಹಾಗಿಲ್ಲ. ಪ್ರೊಬೇಷನ್ ಮುಗಿದ ಮೇಲೆ ವರ್ಷಕ್ಕೆ 90 ದಿನದವರೆಗೆ ಕಾಯಿಲೆ ರಜೆ ಇದೆ. ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ಅರ್ಧ, ಉಳಿದದ್ದು ಸಂಬಳ ಇಲ್ಲದೆ. ಮ್ಯಾನೇಜರ್ ಜೊತೆ ಜಗಳಕ್ಕೆ ಹೋಗು ಅಂತ ನಾನು ಹೇಳುತ್ತಿಲ್ಲ. ಇದೆಲ್ಲ ಗೊತ್ತಿದ್ದರೆ ಕೇಳುವ ದನಿ ಬೇರೆ ಆಗುತ್ತದೆ, ಅಷ್ಟೇ. "ಸರ್, ಬದಲು ರಜೆ ಯಾವ ದಿನ ಹಾಕಲಿ?" ಅಂತ ನಗುತ್ತಾ ಕೇಳು. ಕೊಡುತ್ತೀರಾ ಅಂತ ಕೇಳಬೇಡ.

ಇನ್ನು ನೀನೂ ಫಾರ್ಮಸಿಸ್ಟ್, ನಾನೂ ಫಾರ್ಮಸಿಸ್ಟ್. ಕೌಂಟರಿನ ಈಚೆ ನಿಂತು ನಾವು ನೋಡುವುದು ಏನನ್ನು? ಮೂವತ್ತು ದಾಟದ ಹುಡುಗರು ಬಿಪಿ ಮಾತ್ರೆಗೆ ಬರುತ್ತಾರೆ. ಡ್ರೈವರುಗಳು ಎದೆಯುರಿ ಮಾತ್ರೆಯನ್ನು ತಿಂಗಳ ಲೆಕ್ಕದಲ್ಲಿ ಒಯ್ಯುತ್ತಾರೆ. ಇಷ್ಟು ಬಿಸಿಲಿರುವ ದೇಶದಲ್ಲಿ ವಿಟಮಿನ್ ಡಿ ಬರೆದುಕೊಡದ ದಿನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಒಂದು ಲೆಕ್ಕ ಹೊರಗೆ ಹಾಕಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರ ಪಕ್ಕದಲ್ಲಿಟ್ಟು ನೋಡಿದರೆ, 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಬರುವ ಅಪಾಯ 35 ಶೇಕಡಾ ಜಾಸ್ತಿ. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡಾ ಜಾಸ್ತಿ. ಈಗ ನಿನ್ನ ಲೆಕ್ಕ ಹಾಕು. ಆರು ದಿನಕ್ಕೆ 48 ಗಂಟೆ. ರಜೆಯ ದಿನ ಎಂಟು ಗಂಟೆ ಪಾರ್ಟ್ ಟೈಮ್ ಹೋದರೆ 56. ನಾನು ಬೇಡ ಅಂದದ್ದು ಇದಕ್ಕೆ.

ನಿದ್ದೆ ಸರಿಯಾಗಿ ಬರುವುದಿಲ್ಲ ಅಂತಲೂ ಬರೆದಿದ್ದೀ. ನಿನಗೆ ಗೊತ್ತಿರುತ್ತದೆ, ಆದರೂ ಅಕ್ಕನಾಗಿ ಹೇಳುತ್ತೇನೆ. ಊರಿನಿಂದ ಯಾರಾದರೂ ಬರುವಾಗ ನಿದ್ದೆ ಮಾತ್ರೆ ತರಿಸಬೇಡ. ನಿನ್ನ ಮನೆಯವರಿಗೂ, ಅವರ ಗೆಳೆಯರಿಗೂ ಹೇಳು. ಅಲ್ಪ್ರಝೋಲಮ್, ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಇವೆಲ್ಲ ಇಲ್ಲಿ ನಿಯಂತ್ರಣದಲ್ಲಿರುವ ಔಷಧಿ. ಡಾಕ್ಟರ ಚೀಟಿ ಮತ್ತು ಇಲ್ಲಿನ ಸರಕಾರದ ಅನುಮತಿ ಇಲ್ಲದೆ ತಂದರೆ ಏರ್‌ಪೋರ್ಟಿನಲ್ಲೇ ಕಥೆ ಮುಗಿಯಿತು.

ರಜೆಯ ದಿನದ ಗೋಳಿಗೆ ಬರುತ್ತೇನೆ. ಒಂದು ದಿನ ಸಿಗುವುದು, ಅದನ್ನು ವಾಷಿಂಗ್ ಮೆಷಿನ್, ಮಾರ್ಕೆಟ್ ಮತ್ತು ದೋಸೆ ಹಿಟ್ಟು ತಿಂದು ಹಾಕುತ್ತವೆ. ನಿನ್ನ ಮನೆಯವರಿಗೆ ಶನಿವಾರ ಆದಿತ್ಯವಾರ ಎರಡು ದಿನ ರಜೆ ಅಂದೆ. ಹಾಗಾದರೆ ಬಟ್ಟೆ ಒಗೆದು ಹರವುವುದು, ಸಾಮಾನು ತರುವುದು ಅವರದ್ದು. ಇದನ್ನು ಕೇಳಲು ನಾಚಿಕೆ ಬೇಡ. ಊರಲ್ಲಿ ಅತ್ತೆ ಇದ್ದಾರೆ, ನಾದಿನಿ ಇದ್ದಾರೆ, ಬೇಕಾದಾಗ ಕರೆದರೆ ಒಬ್ಬರು ಬರುತ್ತಾರೆ. ಇಲ್ಲಿ ಇರುವುದು ಇಬ್ಬರೇ. ಹಿಟ್ಟು ಸೂಪರ್ ಮಾರ್ಕೆಟಿನಲ್ಲಿ ಪ್ಯಾಕೆಟ್ ಸಿಗುತ್ತದೆ. ಅಮ್ಮ ರುಬ್ಬಿದ ಹಾಗೆ ಇರುವುದಿಲ್ಲ, ದೋಸೆ ಏಳುತ್ತದೆ, ಅಷ್ಟು ಸಾಕು.

ಆ ದಿನ ಹನ್ನೊಂದರವರೆಗೆ ಮಲಗಿದರೆ ದಿನ ಹಾಳು. ಯಾವಾಗಲೂ ಏಳುವುದಕ್ಕಿಂತ ಒಂದು ಗಂಟೆ ತಡ ಮಾಡು, ಅದಕ್ಕಿಂತ ಜಾಸ್ತಿ ಬೇಡ. ನವೆಂಬರ್ ಬಂದರೆ ಇಲ್ಲಿನ ಬೆಳಗು ಬಹಳ ಒಳ್ಳೆಯದು. ಫ್ಲಾಸ್ಕಿನಲ್ಲಿ ಚಾ ಹಾಕಿಕೊಂಡು ಮಮ್‌ಝರ್ ಬೀಚಿಗೆ ಹೋಗಿ, ಕುಸೈಸಿನಿಂದ ಹತ್ತಿರವೇ. ಸಂಜೆಯಾದರೆ ದೇರಾದಲ್ಲಿ ಅಬ್ರಾ ಅನ್ನುವ ದೋಣಿ ಹತ್ತಿ ಕ್ರೀಕ್ ದಾಟಿ ಬರ್ ದುಬೈಗೆ ಹೋಗಿ. ಒಂದು ದಿರ್ಹಮ್ ಕೊಟ್ಟರಾಯಿತು. ಇದಕ್ಕಿಂತ ಅಗ್ಗದ ಮನರಂಜನೆ ಈ ಊರಲ್ಲಿಲ್ಲ. ಪ್ರತೀ ರಜೆಯೂ ಮಾಲ್‌ಗೆ ಹೋಗುವುದು ನನಗಂತೂ ವಿಶ್ರಾಂತಿ ಅನ್ನಿಸಿಲ್ಲ, ಡ್ಯೂಟಿಗಿಂತ ಜಾಸ್ತಿ ಕಾಲು ನೋಯುತ್ತದೆ.

ಫೋನಿನ ಬಗ್ಗೆ ಎರಡು ಮಾತು. ರಾತ್ರಿ ಡ್ಯೂಟಿ ಮುಗಿಸಿ ಒಂಬತ್ತೂವರೆಗೆ ಬೋಟಿಮ್ ಆ್ಯಪಿನಲ್ಲಿ ಅಮ್ಮನಿಗೆ ಕರೆ ಮಾಡುತ್ತೀ. ಅಲ್ಲಿ ಹನ್ನೊಂದು. ಅವರು ನಿನಗಾಗಿ ಎದ್ದು ಕೂತಿರುತ್ತಾರೆ, ನೀನು ಅವರಿಗಾಗಿ ನಿದ್ದೆ ತಡೆದುಕೊಂಡಿರುತ್ತೀ. ಇಬ್ಬರಿಗೂ ಸುಖವಿಲ್ಲ. ಬೆಳಗ್ಗೆ ಏಳೂವರೆಗೆ ಮಾಡಿ ನೋಡು. ಅಲ್ಲಿ ಒಂಬತ್ತು, ತಿಂಡಿ ಮುಗಿದು ದನದ ಕೆಲಸ ಆಗಿರುತ್ತದೆ. ನೀನು ಸಾರಿಗೆ ತರಕಾರಿ ಹೆಚ್ಚುತ್ತಾ ಮಾತಾಡಬಹುದು. ಡ್ಯೂಟಿ ಗ್ರೂಪನ್ನು ರಾತ್ರಿ ಹತ್ತರ ಮೇಲೆ ಮ್ಯೂಟ್ ಮಾಡು. ನಿಜವಾಗಿ ಬೇಕಿದ್ದರೆ ಅವರು ಫೋನೇ ಮಾಡುತ್ತಾರೆ. ಎಸಿಯಲ್ಲಿ ಕೂತಿದ್ದೀ ಅನ್ನುವವರಿಗೆ ಉತ್ತರ ಕೊಡಲು ಹೋಗಬೇಡ. ಇಲ್ಲಿಯವರ ಬಾಯಲ್ಲಿ ದಿನಾ ಕೇಳುತ್ತೀಯಲ್ಲ, ಖಲ್ಲಿ ವಲ್ಲಿ, ಹೋಗಲಿ ಬಿಡು ಅಂತ!

ಇನ್ನೊಂದು ದಣಿವು ಇದೆ, ಅದನ್ನು ನೀನು ಬರೆದಿಲ್ಲ, ಆದರೆ ಇರುತ್ತದೆ. ನಾಲಗೆಯ ದಣಿವು. ಮ್ಯಾನೇಜರ್ ಹತ್ತಿರ ಇಂಗ್ಲಿಷ್, ಗಿರಾಕಿ ಹತ್ತಿರ ಹಿಂದಿ ಮತ್ತು ನಾಲ್ಕು ಮಾತು ಅರಬಿ, ನರ್ಸ್‌ಗಳ ಹತ್ತಿರ ಮಲಯಾಳ. ಕಾಸರಗೋಡು ಅಂದ ಕೂಡಲೇ "ನಾಟ್ಟಿಲ್ ಎವಿಡೆಯಾ?", ಊರಲ್ಲಿ ಎಲ್ಲಿ ಅಂತ ಶುರು ಮಾಡುತ್ತಾರೆ, ಪ್ರೀತಿಯಿಂದಲೇ. ಕನ್ನಡದವರ ಕೂಟಕ್ಕೆ ಹೋದರೆ "ನೀವು ಕೇರಳದವರಲ್ವಾ, ಕನ್ನಡ ಚೆನ್ನಾಗಿ ಮಾತಾಡ್ತೀರಿ" ಅಂತ ಹೊಗಳುತ್ತಾರೆ! 1956ರಲ್ಲಿ ಗೆರೆ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದವರ ಮೇಲಿನ ಸಿಟ್ಟನ್ನು ಇವರ ಮೇಲೆ ತೀರಿಸುವುದು ಹೇಗೆ? ನಗುತ್ತೇನೆ. ಆದರೆ ವಾರದಲ್ಲಿ ಒಂದೆರಡು ಗಂಟೆಯಾದರೂ ಯೋಚಿಸದೆ ಬಾಯಿಗೆ ಬಂದದ್ದನ್ನು ಮಾತಾಡುವ ಜಾಗ ಬೇಕು. ನನಗೆ ಅದು ಸಿಕ್ಕಿದ್ದು ತಾಳಮದ್ದಳೆಯಲ್ಲಿ, ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ.

ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರ ಹಾಲಿನಲ್ಲಿ ಕೂಟ ಸೇರುತ್ತದೆ. ಸೋಫಾ ಗೋಡೆಗೆ ಸರಿಸಿ, ನೆಲಕ್ಕೆ ಬೆಡ್‌ಶೀಟ್ ಹಾಸುತ್ತಾರೆ. ಚೆಂಡೆ ಇಲ್ಲ, ಕೆಳಗಿನ ಮನೆಯವರು ಒಂದು ಸಲ ಸೆಕ್ಯೂರಿಟಿಯನ್ನು ಕಳಿಸಿದ ಮೇಲೆ ಬಿಟ್ಟರು. ಮದ್ದಳೆಯನ್ನು ಮಾತ್ರ ದಪ್ಪ ಟವೆಲಿನ ಮೇಲಿಟ್ಟು ಮೆಲ್ಲಗೆ ಬಾರಿಸುತ್ತಾರೆ. ಭಾಗವತರು ಹಗಲು ಒಂದು ಕಂಪೆನಿಯಲ್ಲಿ ಸ್ಟೋರ್ ಕೀಪರ್. ಕರ್ಣನ ಅರ್ಥ ಹೇಳುವವರು ಬಿಲ್ಡಿಂಗ್ ಮೆಟೀರಿಯಲ್ ಸೇಲ್ಸಿನವರು, ಕೃಷ್ಣ ಸೋತು ಹೋಗುವಷ್ಟು ವಾದ ಮಾಡುತ್ತಾರೆ. ನಡುವೆ ಯಾರದ್ದೋ ಫೋನ್ ರಿಂಗ್ ಆಗುತ್ತದೆ, ಅರ್ಜುನ ಎದ್ದು ಬಾಲ್ಕನಿಗೆ ಹೋಗಿ "ಯೆಸ್ ಸರ್, ಟುಮಾರೋ ಮಾರ್ನಿಂಗ್" ಅಂದು ಬಂದು ಮತ್ತೆ ಗಾಂಡೀವ ಹಿಡಿಯುತ್ತಾನೆ. ಹೆಂಗಸರು ಅಡುಗೆ ಮನೆಯಲ್ಲಿ ಸೇರುವ ಕ್ರಮ ಇತ್ತು. ಈಗ ಅದನ್ನು ನಿಲ್ಲಿಸಿದ್ದೇವೆ. ಅವಲಕ್ಕಿ, ಬಾಳೆಹಣ್ಣು, ಚಾ, ಅಷ್ಟೇ. ಮಾಡುವವರೂ ಕೂತು ಕೇಳಬೇಕಲ್ಲ! ಮಂಜೇಶ್ವರದ ಒಬ್ಬಳು ಹುಡುಗಿ ಈ ವರ್ಷ ಸುಭದ್ರೆಯ ಅರ್ಥ ಹೇಳಿದಳು. ನಿನಗೆ ಯಕ್ಷಗಾನ ಇಷ್ಟವಿಲ್ಲದಿದ್ದರೆ ಬಿಡು, ತುಳುವರ ವಾಲಿಬಾಲ್ ಇದೆ, ಭಜನೆಯಿದೆ. ಆದರೆ ಸೆಕ್ರೆಟರಿ ಆಗಬೇಡ. ಒಂದು ಸಲ ಸೆಕ್ರೆಟರಿ ಆದರೆ ಅದೂ ಡ್ಯೂಟಿಯೇ, ಓಟಿ ಇಲ್ಲದ್ದು.

ಕೊನೆಗೆ ವರ್ಷದ ರಜೆ. ನಿನಗೆ ಜನವರಿಗೆ ವರ್ಷ ತುಂಬುತ್ತದೆ, 30 ದಿನ ರಜೆ ನಿನ್ನದು. ಕ್ಯಾಲೆಂಡರಿನ 30 ದಿನ, ಆದಿತ್ಯವಾರವೂ ಅದರಲ್ಲೇ ಬಂತು. ಕೆಲವರು ಊರಿಗೆ ಹೋಗದೆ ರಜೆಯ ದುಡ್ಡು ತೆಗೆದುಕೊಂಡು ಕೆಲಸ ಮುಂದುವರಿಸುತ್ತಾರೆ. ಟಿಕೆಟ್ ಉಳಿಯಿತು, ಸಂಬಳ ಎರಡು ಬಂತು ಅಂತ ಖುಷಿ. ನೀನು ಹಾಗೆ ಮಾಡಬೇಡ, ಮೊದಲ ವರ್ಷವಂತೂ ಬೇಡವೇ ಬೇಡ. ಎರಡು ವರ್ಷಕ್ಕಿಂತ ಜಾಸ್ತಿ ರಜೆ ತಡೆದು ಇಡುವ ಹಕ್ಕು ಕಂಪೆನಿಗೂ ಇಲ್ಲ.

ಊರಿಗೆ ಹೋದರೆ ರಜೆ ಸಿಗುತ್ತದೆ ಅಂತ ಮಾತ್ರ ತಿಳಿಯಬೇಡ. ಮಂಗಳೂರಿನ ಬಜಪೆ ಏರ್‌ಪೋರ್ಟಿನಲ್ಲೋ ಕಣ್ಣೂರಿನಲ್ಲೋ ಇಳಿದ ಮರುದಿನವೇ ಶುರು. ಪಂಚಾಯತಿನಲ್ಲಿ ಒಂದು ಸರ್ಟಿಫಿಕೇಟ್, ಫಾರಂ ಮಲಯಾಳದಲ್ಲಿ. ಕನ್ನಡದಲ್ಲಿ ಕೊಡಿ ಅಂದರೆ ನಾಳೆ ಬನ್ನಿ. ಬ್ಯಾಂಕು. ಹಲ್ಲಿನ ಡಾಕ್ಟರು. ಎರಡು ಮದುವೆ, ಸತ್ತವರ ಉತ್ತರಕ್ರಿಯೆಯ ಒಂದು ಬೊಜ್ಜ. "ಬಂದವಳು ನಮ್ಮಲ್ಲಿಗೆ ಬರಲೇ ಇಲ್ಲ" ಅಂತ ಮುಖ ಊದಿಸಿಕೊಂಡ ಚಿಕ್ಕಮ್ಮ. ವಾಪಸು ಬಂದು ಡ್ಯೂಟಿಗೆ ಹೋದಾಗ "ಈಗ ಸ್ವಲ್ಪ ಆರಾಮ" ಅನ್ನಿಸುವುದುಂಟು. ಅದಕ್ಕೆ ಮೊದಲ ನಾಲ್ಕು ದಿನ ತವರಲ್ಲಿ ಬಾಗಿಲು ಹಾಕಿಕೊಂಡು ಇರು. ಬಂದದ್ದನ್ನು ಯಾರಿಗೂ ಹೇಳಬೇಡ ಅಂತ ಅಮ್ಮನಿಗೆ ಮೊದಲೇ ಹೇಳಿಡು. ಪೆರ್ಲದಲ್ಲಿ ಅದು ನಡೆಯುತ್ತದಾ ಅಂತ ನಗಬೇಡ, ಎರಡು ದಿನವಾದರೂ ನಡೆಯುತ್ತದೆ.

ಮಕರ ಸಂಕ್ರಮಣದ ಹೊತ್ತಿಗೆ ಕುಂಬಳೆ ದೇವಸ್ಥಾನದ ಆಯನ ಉತ್ಸವ, ಅದರ ಬೆಡಿ, ಅಂದರೆ ಸಿಡಿಮದ್ದು ಬೇರೆ ಇದೆ. ಡಿಸೆಂಬರ್ ಕೊನೆಯಲ್ಲಿ ಶಾಲೆ ರಜೆ ಅಂತ ಟಿಕೆಟ್ ಬೆಲೆ ಏರಿರುತ್ತದೆ, ಜನವರಿ ಎರಡನೇ ವಾರಕ್ಕೆ ಇಳಿಯುತ್ತದೆ. ಆದರೆ ನಮ್ಮ ಕೆಲಸದಲ್ಲಿ ಚಳಿಗಾಲ ಅಂದರೆ ಶೀತ ಜ್ವರದ ಸೀಸನ್, ಕೌಂಟರಿನಲ್ಲಿ ಜನ ಜಾಸ್ತಿ, ಕೊನೆ ಹೊತ್ತಿಗೆ ಕೇಳಿದರೆ ರಜೆ ಕೊಡುವುದಿಲ್ಲ. ಈಗ ಸೆಪ್ಟೆಂಬರ್. ಅರ್ಜಿ ಈ ವಾರವೇ ಹಾಕು, ಬಾಯಲ್ಲಿ ಹೇಳಬೇಡ, ಇಮೇಲ್ ಮಾಡು. ನಿನ್ನ ಜಾಗಕ್ಕೆ ಯಾರು ನಿಲ್ಲುತ್ತಾರೆ ಅಂತ ಅದರಲ್ಲೇ ಬರೆ. ಒಪ್ಪಿಗೆ ಬಂದ ಮೇಲೆಯೇ ಟಿಕೆಟ್ ತೆಗೆ. ಮನೆ ಬದಲಿಸುವ ಯೋಚನೆ ಇದ್ದರೆ ನನಗೆ ತಿಳಿಸು, ಕುಸೈಸಿನಲ್ಲಿ ಮುಳ್ಳೇರಿಯದ ಒಂದು ಕುಟುಂಬ ಶೇರಿಂಗಿಗೆ ಜನ ಹುಡುಕುತ್ತಿದೆ. ಇಬ್ಬರೂ ಕೆಲಸಕ್ಕೆ ಹೋಗುವವರು, ಮಧ್ಯಾಹ್ನ ಮನೆಯಲ್ಲಿ ಟಿವಿ ಗಲಾಟೆ ಇರುವುದಿಲ್ಲ.